ಗಂಟೆ ಹೊಡೆಯುತ್ತಿದ್ದ ಜವಾನ

ಡಿಸೆಂಬರ್ ತಿಂಗಳ ಮೊದಲ ವಾರ ಬಂತೆಂದರೆ ಶಾಲೆಯಿಂದ ಮನೆಗೆ ಬರುವ ಮಕ್ಕಳ ಅಂಗಿಯ ಮೇಲೆ ಒಂದು ಪುಟ್ಟ ಕಾಗದದ ಧ್ವಜ ಕಾಣಿಸುತ್ತದೆ. ಕೆಂಪು, ಕಡುನೀಲಿ, ತಿಳಿನೀಲಿ ಎಂದು ಮೂರು ಪಟ್ಟಿ. ಬೆಳಿಗ್ಗೆ ಗುಂಡುಸೂಜಿಯಿಂದ ಸಿಕ್ಕಿಸಿಕೊಂಡದ್ದು ಸಂಜೆಯ ಹೊತ್ತಿಗೆ ಅರ್ಧ ಹರಿದು ನೇತಾಡುತ್ತಿರುತ್ತದೆ. ರಾತ್ರಿ ಅಂಗಿ ಒಗೆಯಲು ಹಾಕುವಾಗ ತಾಯಿ ಅದನ್ನು ಕಿತ್ತು ಕಸದ ಬುಟ್ಟಿಗೆ ಹಾಕುತ್ತಾಳೆ. ಅಲ್ಲಿಗೆ ಆ ವರ್ಷದ ಸೈನಿಕರ ನೆನಪು ಮುಗಿಯಿತು.

‘ಈ ದುಡ್ಡು ಯಾರಿಗೆ ಹೋಗುತ್ತೆ?’ ಎಂದು ಕೇಳುವ ಮಕ್ಕಳು ಕಡಿಮೆ. ಕೇಳಿದರೆ ಉತ್ತರ ಹೇಳಬಲ್ಲ ತಂದೆತಾಯಿಯರು ಇನ್ನೂ ಕಡಿಮೆ. ನಾನೇನೂ ಇದಕ್ಕೆ ಹೊರತಲ್ಲ. ಆ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ತೀರಾ ತಡವಾಗಿ. ಅದೂ ಒಂದು ನಾಚಿಕೆಯ ಜೊತೆಗೆ. ಆ ಕಥೆಯನ್ನೇ ಈ ವಾರ ಹೇಳುತ್ತೇನೆ.

ನಾನು ಓದಿದ್ದು ಒಂದು ತಾಲ್ಲೂಕು ಕೇಂದ್ರದ ಶಾಲೆಯಲ್ಲಿ. ಎಪ್ಪತ್ತರ ದಶಕದ ಮಾತು. ಅಲ್ಲಿ ಗಂಟೆ ಹೊಡೆಯಲು, ಬೀಗ ತೆಗೆಯಲು, ಹೆಡ್‌ಮಾಸ್ತರರ ಮೇಜಿನ ಮೇಲೆ ನೀರಿಡಲು ಒಬ್ಬರಿದ್ದರು. ನಾವು ಅವರನ್ನು ‘ಜವಾನ’ ಎಂದೇ ಕರೆಯುತ್ತಿದ್ದೆವು. ಹೆಸರು ಯಾರೂ ಕೇಳಿರಲಿಲ್ಲ. ಅವರ ನಡಿಗೆ ವಿಚಿತ್ರವಾಗಿತ್ತು. ಹಿಮ್ಮಡಿಯ ಮೇಲೆ ಭಾರ ಬಿಟ್ಟು, ಎಡಕ್ಕೂ ಬಲಕ್ಕೂ ಓಲಾಡುತ್ತ ನಡೆಯುತ್ತಿದ್ದರು. ಅವರು ಆ ಕಡೆ ತಿರುಗಿದರೆ ಸಾಕು, ನಾಲ್ಕೈದು ಹುಡುಗರು ಹಿಂದೆ ಸಾಲಾಗಿ ನಿಂತು ಅದೇ ರೀತಿ ಓಲಾಡಿಕೊಂಡು ನಡೆಯುವುದು ನಮಗೊಂದು ಆಟ. ಆ ಸಾಲಿನಲ್ಲಿ ನಾನೂ ಇದ್ದೆ.

ಆಗಸ್ಟ್ ಹದಿನೈದರ ಹಿಂದಿನ ಸಂಜೆ ಬಾವುಟವನ್ನು ಮಡಿಸಿ, ಒಳಗೆ ಹೂವಿನ ಪಕಳೆ ತುಂಬಿ, ಎಳೆದ ಕೂಡಲೇ ಬಿಚ್ಚಿಕೊಳ್ಳುವ ಹಾಗೆ ಗಂಟು ಹಾಕುವುದು ಅವರ ಕೆಲಸ. ಆ ಗಂಟು ಒಂದು ಸಲವೂ ಸಿಕ್ಕಿಕೊಂಡದ್ದಿಲ್ಲ. ಬೆಳಿಗ್ಗೆ ಊರಿನ ಗಣ್ಯರು ಹಗ್ಗ ಎಳೆದರೆ ಹೂವು ಉದುರುತ್ತಿತ್ತು, ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಜವಾನರು ಮಾತ್ರ ದೂರದಲ್ಲಿ ಬೇವಿನ ಮರದ ಕೆಳಗೆ ನೆಟ್ಟಗೆ ನಿಂತಿರುತ್ತಿದ್ದರು. ಧ್ವಜ ದಿನಾಚರಣೆಯ ದಿನ ಮೇಷ್ಟ್ರು ತರಗತಿಗೆ ಡಬ್ಬಿ ಕಳಿಸಿದರೆ ಆ ಡಬ್ಬಿ ಹಿಡಿದು ಬರುತ್ತಿದ್ದವರೂ ಅವರೇ. ನಾವು ಹತ್ತು ಪೈಸೆ ಹಾಕುತ್ತಿದ್ದೆವು. ಕೊನೆಯಲ್ಲಿ ಅವರೂ ತಮ್ಮ ಖಾಕಿ ಜೇಬಿನಿಂದ ಒಂದು ನಾಣ್ಯ ತೆಗೆದು ಹಾಕುವುದನ್ನು ನೋಡಿದ್ದೇನೆ.

ಒಂದು ಮಳೆಗಾಲದ ದಿನ ಹೆಡ್‌ಮಾಸ್ತರರು ಬೀಗದ ಕೈ ತರಲು ನನ್ನನ್ನು ಅವರ ಮನೆಗೆ ಓಡಿಸಿದರು. ಜ್ವರವೆಂದು ಅವರು ಮಲಗಿದ್ದರು. ಕಂಬಳಿಯಿಂದ ಪಾದಗಳು ಹೊರಗೆ ಬಂದಿದ್ದವು. ಎರಡೂ ಪಾದಗಳಲ್ಲಿ ಬೆರಳುಗಳೇ ಇರಲಿಲ್ಲ.

ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದುದನ್ನು ಕಂಡು ಅವರ ಹೆಂಡತಿ ಕಂಬಳಿ ಎಳೆದರು. ಆಮೇಲೆ ಬಾಗಿಲ ಹತ್ತಿರ ನಿಂತು ನಾಲ್ಕು ಮಾತು ಹೇಳಿದರು. ಅವರು ಮಿಲಿಟರಿಯಲ್ಲಿ ಟೆಲಿಫೋನ್ ತಂತಿ ಎಳೆಯುವ ದಳದಲ್ಲಿದ್ದರಂತೆ. 1962ರಲ್ಲಿ ಚೀನಾ ಗಡಿಯಲ್ಲಿ ಹಿಮದಲ್ಲಿ ದಿನಗಟ್ಟಲೆ ನಡೆದು ಬೆರಳುಗಳು ಕಪ್ಪಾಗಿ ಸತ್ತುಹೋದವಂತೆ. ಸೆರೆಸಿಕ್ಕಿ, ಮರುವರ್ಷ ವಾಪಸು ಬಂದರಂತೆ. ‘ಆರು ತಿಂಗಳು ಕಾಗದ ಇರಲಿಲ್ಲಪ್ಪ. ದಿನಾ ಟಪ್ಪಾಲಾಫೀಸಿನ ಮುಂದೆ ಹೋಗಿ ನಿಲ್ಲುತ್ತಿದ್ದೆ. ಇಲ್ಲ ಅಂತ ಹೇಳೋಕೆ ಪೋಸ್ಟ್ ಮಾಸ್ತರಿಗೇ ಬೇಜಾರಾಗಿ, ನನ್ನ ಕಂಡರೆ ಒಳಗೆ ಹೋಗಿಬಿಡೋರು’ ಎಂದರು. ಬೀಗದ ಕೈ ಕೊಟ್ಟು, ‘ಜಾರುತ್ತೆ, ನಿಧಾನ ಹೋಗು’ ಎಂದರು.

ಮರುವಾರ ಅವರು ಕೆಲಸಕ್ಕೆ ಬಂದರು. ಹುಡುಗರು ಹಿಂದೆ ಸಾಲು ಕಟ್ಟಿದರು. ನಾನು ಸಾಲಿಗೆ ಸೇರಲಿಲ್ಲ. ಆದರೆ ‘ಬೇಡ ಕಣ್ರೋ’ ಎಂದು ಉಳಿದವರಿಗೆ ಹೇಳುವ ಧೈರ್ಯವೂ ಬರಲಿಲ್ಲ. ನಾಚಿಕೆ ಎಂದು ಆಗಲೇ ಹೇಳಿದೆನಲ್ಲ, ಅದು ಇದು.

ನಮ್ಮ ಭಾಷೆಯಲ್ಲಿ ಒಂದು ವಿಚಿತ್ರವಿದೆ ನೋಡಿ. ಗಡಿಯಲ್ಲಿ ನಿಂತವನೂ ಜವಾನ, ಕಚೇರಿಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತವನೂ ಜವಾನ. ಮೊದಲನೆಯವನಿಗೆ ನಾವು ಜೈಕಾರ ಹಾಕುತ್ತೇವೆ. ಎರಡನೆಯವನಿಗೆ ಚಹಾ ತರಲು ಹೇಳುತ್ತೇವೆ. ಅನೇಕ ಸಲ ಇಬ್ಬರೂ ಒಬ್ಬರೇ ಎಂಬುದು ನಮಗೆ ಹೊಳೆಯುವುದಿಲ್ಲ.

ಆ ಪುಟ್ಟ ಧ್ವಜದ ಲೆಕ್ಕ

2022ಕ್ಕೆ ಮುಂಚೆ ಸಿಪಾಯಿಯಾಗಿ ಸೇರಿದವನು ಸಾಮಾನ್ಯವಾಗಿ ಮೂವತ್ತೈದು-ನಲವತ್ತು ವರ್ಷದ ಆಸುಪಾಸಿನಲ್ಲೇ ನಿವೃತ್ತನಾಗುತ್ತಾನೆ. ಸೈನ್ಯ ಸದಾ ಎಳೆಯದಾಗಿರಬೇಕು ಎಂಬುದು ಇದಕ್ಕೆ ಕಾರಣ. ಹೀಗೆ ವರ್ಷಕ್ಕೆ ಸುಮಾರು 60 ಸಾವಿರ ಮಂದಿ ಹೊರಗೆ ಬರುತ್ತಾರೆ. ಬೇರೆ ನೌಕರಿಯವರಿಗೆ ಬಡ್ತಿ ಸಿಗುವ ವಯಸ್ಸಿನಲ್ಲಿ ಇವರು ಹೊಸದಾಗಿ ಕೆಲಸ ಹುಡುಕಬೇಕು. ಮಕ್ಕಳು ಹೈಸ್ಕೂಲಿನಲ್ಲಿರುತ್ತಾರೆ, ಮನೆ ಕಟ್ಟಿರುವುದಿಲ್ಲ. ಬ್ಯಾಂಕಿನ ಬಾಗಿಲಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಾವು ಕಾಣುವ ನೇರ ಬೆನ್ನಿನ ಮನುಷ್ಯರಲ್ಲಿ ಅನೇಕರು ಹೀಗೆ ಬಂದವರು.

ಇದನ್ನು ಮನಗಂಡೇ ಸ್ವಾತಂತ್ರ್ಯ ಬಂದು ಎರಡು ವರ್ಷವಾದ ಮೇಲೆ, 1949ರ ಆಗಸ್ಟ್ 28ರಂದು, ರಕ್ಷಣಾ ಮಂತ್ರಿಯವರ ನೇತೃತ್ವದ ಸಮಿತಿ ಪ್ರತಿವರ್ಷ ಡಿಸೆಂಬರ್ 7ರಂದು ಧ್ವಜ ದಿನ ಆಚರಿಸಬೇಕೆಂದು ತೀರ್ಮಾನಿಸಿತು. ಆ ಮೂರು ಪಟ್ಟಿಗಳು ಭೂಸೇನೆ, ನೌಕಾಪಡೆ, ವಾಯುಪಡೆಗಳ ಗುರುತು. ಯುದ್ಧದಲ್ಲಿ ಮಡಿದವರ ಮತ್ತು ಅಂಗವಿಕಲರಾದವರ ಸಂಸಾರಗಳಿಗೆ, ಮಾಜಿ ಸೈನಿಕರ ಕ್ಷೇಮಕ್ಕೆ ಈ ಹಣ ಸಲ್ಲಬೇಕು. ಬೇರೆಬೇರೆಯಾಗಿದ್ದ ನಿಧಿಗಳನ್ನೆಲ್ಲ 1993ರಲ್ಲಿ ಒಂದೇ ಧ್ವಜ ದಿನ ನಿಧಿಯಾಗಿ ಸೇರಿಸಲಾಯಿತು. ಅಂದರೆ ನಮ್ಮ ಶಾಲೆಯ ಆ ಡಬ್ಬಿಯ ಹತ್ತು ಪೈಸೆಗಳು ಡಬ್ಬಿ ಹಿಡಿದು ನಿಂತವರಂಥವರಿಗೇ ಸೇರಬೇಕಾದದ್ದು. ಅದನ್ನು ನಮಗೆ ಯಾರೂ ಹೇಳಲಿಲ್ಲ. ಅವರಂತೂ ಹೇಳಲಿಲ್ಲ.

ಮನೆಯಲ್ಲೂ ಒಂದು ರಂಗ

ಯುದ್ಧ ಎಂದರೆ ಗಡಿಯಲ್ಲಿ ನಡೆಯುವುದು ಎಂದು ನಾವು ಅಂದುಕೊಂಡಿದ್ದೇವೆ. ಟಪಾಲು ಕಚೇರಿಯ ಮುಂದೆ ನಿಂತ ಆ ಹೆಂಗಸಿನ ಆರು ತಿಂಗಳನ್ನು ಯಾವ ಲೆಕ್ಕಕ್ಕೆ ಸೇರಿಸುವುದು? ಸೈನಿಕನ ಪತ್ರದ ಮೇಲೆ ‘56 ಎ.ಪಿ.ಓ.’ ಅಥವಾ ‘99 ಎ.ಪಿ.ಓ.’ ಎಂದಷ್ಟೇ ಇರುತ್ತದೆ. ಗಂಡ ಹಿಮಾಲಯದಲ್ಲಿದ್ದಾನೋ ಮರಳುಗಾಡಿನಲ್ಲಿದ್ದಾನೋ ಅದರಿಂದ ತಿಳಿಯುವುದಿಲ್ಲ. ತಿಳಿಯಬಾರದೆಂದೇ ಆ ಏರ್ಪಾಟು. ಎಲ್ಲಿದ್ದಾನೆಂದು ಗೊತ್ತಿಲ್ಲದವನಿಗಾಗಿ ಕಾಯುತ್ತ ಎಮ್ಮೆ ಕರೆದು, ಗದ್ದೆ ನೋಡಿಕೊಂಡು, ಮಕ್ಕಳ ಶಾಲೆಯ ಫೀಸು ಕಟ್ಟಿದ ಮನೆಗಳು ನಮ್ಮ ನಾಡಿನಲ್ಲಿ ಎಷ್ಟಿಲ್ಲ!

ಸೈನಿಕರಿಲ್ಲದ ಮನೆಗಳೂ ತಮ್ಮ ಪಾಲು ಕೊಟ್ಟಿವೆ. 1962ರಲ್ಲಿ ರಾಷ್ಟ್ರೀಯ ರಕ್ಷಣಾ ನಿಧಿಗೆಂದು ಹೆಂಗಸರು ಕೈಯ ಬಳೆ, ಕಿವಿಯ ಓಲೆ ಬಿಚ್ಚಿಕೊಟ್ಟರು. 1965ರಲ್ಲಿ ಯುದ್ಧದ ಜೊತೆಗೇ ಆಹಾರದ ಅಭಾವವೂ ಇತ್ತು. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಸೋಮವಾರದ ರಾತ್ರಿಯ ಊಟ ಬಿಡಿ ಎಂದು ಜನರನ್ನು ಕೇಳಿಕೊಂಡರು. ಲಕ್ಷಾಂತರ ಮನೆಗಳಲ್ಲಿ ಅಂದು ಒಲೆ ಉರಿಯಲಿಲ್ಲ, ಹೋಟೆಲುಗಳು ಬಾಗಿಲು ಹಾಕಿದವು. ‘ಶಾಸ್ತ್ರಿ ಸೋಮವಾರ’ ಎಂದು ನಿಮ್ಮ ಅಜ್ಜಿಯನ್ನು ಕೇಳಿ ನೋಡಿ, ಆಕೆಯ ಮುಖದಲ್ಲಿ ಏನೋ ಒಂದು ಹೊಳೆಯಬಹುದು.

ಅಂಚೆಚೀಟಿ ಸಂಗ್ರಹಿಸುವ ಮಕ್ಕಳಿಗೆ ಇನ್ನೊಂದು ಸಂಗತಿ. ನಿಮ್ಮ ಹಳೆಯ ಆಲ್ಬಮ್ಮಿನಲ್ಲಿ 5 ಪೈಸೆಯ ಚೀಟಿಯ ಮೇಲೆ ‘ನಿರಾಶ್ರಿತರ ಪರಿಹಾರ’ ಎಂಬ ಅರ್ಥದ ಹಿಂದಿ, ಇಂಗ್ಲಿಷ್ ಪದಗಳು ಅಚ್ಚಾಗಿವೆಯೇ ನೋಡಿ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಜೀವ ಉಳಿಸಿಕೊಳ್ಳಲು ಭಾರತಕ್ಕೆ ಬಂದರು. ಅವರಿಗೆ ಅನ್ನ ಹಾಕಲು ಆ ವರ್ಷದ ನವೆಂಬರ್ 15ರಿಂದ, ಕಾರ್ಡು ಮತ್ತು ಪತ್ರಿಕೆಗಳನ್ನು ಬಿಟ್ಟು, ಉಳಿದ ಟಪಾಲಿಗೆಲ್ಲ 5 ಪೈಸೆಯ ಹೆಚ್ಚುವರಿ ಚೀಟಿ ಕಡ್ಡಾಯವಾಯಿತು. 1973ರ ಮಾರ್ಚ್ ಕೊನೆಯವರೆಗೂ ಅದು ನಡೆಯಿತು. ಮಗಳ ಮದುವೆಯ ಕರೆಯೋಲೆಗೆ, ಮಗನ ನೌಕರಿಯ ಅರ್ಜಿಗೆ ಆ ಚೀಟಿ ಹಚ್ಚಿದ ಪ್ರತಿಯೊಬ್ಬರೂ ಗುರುತು ಪರಿಚಯವಿಲ್ಲದ ಒಬ್ಬನ ತುತ್ತಿಗೆ ತಮ್ಮ ಪಾಲು ಸೇರಿಸಿದರು.

ಮಾಧಾಪರದ ಹೆಂಗಸರು

ಅದೇ 1971ರ ಡಿಸೆಂಬರ್. ಗುಜರಾತಿನ ಕಚ್ಛ್ ಜಿಲ್ಲೆಯ ಭುಜ್ ವಿಮಾನನೆಲೆಯ ಮೇಲೆ ಪಾಕಿಸ್ತಾನದ ವಿಮಾನಗಳು ಬಾಂಬು ಸುರಿದು ರನ್‌ವೇಯನ್ನು ಹಾಳುಗೆಡವಿದವು. ರನ್‌ವೇ ಇಲ್ಲದೆ ವಿಮಾನ ಏಳುವಂತಿಲ್ಲ. ದುರಸ್ತಿಗೆ ಬೇಕಾದಷ್ಟು ಕೆಲಸಗಾರರಿಲ್ಲ. ನೆಲೆಯ ಹೊಣೆ ಹೊತ್ತಿದ್ದ ಸ್ಕ್ವಾಡ್ರನ್ ಲೀಡರ್ ವಿಜಯ್ ಕಾರ್ಣಿಕ್ ಮತ್ತು ಜಿಲ್ಲಾಡಳಿತದವರು ಸುತ್ತಲಿನ ಹಳ್ಳಿಗಳ ನೆರವು ಕೇಳಿದರು.

ಬಂದವರು ಸುಮಾರು 300 ಹೆಂಗಸರು. ಹೆಚ್ಚಿನವರು ಪಕ್ಕದ ಮಾಧಾಪರ ಗ್ರಾಮದವರು. ಕೂಲಿನಾಲಿ, ಹೊಲಗೆಲಸ ಗೊತ್ತಿದ್ದವರೇ ಹೊರತು ಯುದ್ಧ ಕಂಡವರಲ್ಲ. ಕೆಲವರು ಎಳೆಗೂಸುಗಳನ್ನು ನೆರೆಮನೆಯವರ ಕೈಗಿಟ್ಟು ಬಂದರು. ಕಲ್ಲು ಹೊತ್ತರು, ಗುಂಡಿ ತುಂಬಿದರು. ಮೇಲಿಂದ ನೋಡಿದವರಿಗೆ ಕಾಣದಿರಲೆಂದು ರನ್‌ವೇಗೆ ಸಗಣಿ ಸಾರಿಸಿದರು. ಸಾರಿಸುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಪೊದೆಗಳ ನಡುವೆ ಬೆರೆತುಹೋಗಲೆಂದು ಹಸಿರು ಸೀರೆ ಉಡಲು ಹೇಳಿದ್ದರು. ಸೈರನ್ ಕೂಗಿದರೆ ಓಡಿ ಪೊದೆಯಲ್ಲಿ, ಕಂದಕದಲ್ಲಿ ಅಡಗುವುದು. ಮತ್ತೊಮ್ಮೆ ಕೂಗಿದರೆ ಎದ್ದು ಬಂದು ಬುಟ್ಟಿ ಹಿಡಿಯುವುದು. ಮೊದಲ ದಿನ ಹೊಟ್ಟೆಗೂ ಇರಲಿಲ್ಲ. ಮರುದಿನ ಹತ್ತಿರದ ದೇವಸ್ಥಾನದಿಂದ ಹಣ್ಣು, ಸಿಹಿ ಬಂತು.

72 ಗಂಟೆಗಳಲ್ಲಿ ರನ್‌ವೇ ಸಿದ್ಧವಾಯಿತು. ವಿಮಾನ ಮತ್ತೆ ಹಾರಿತು.

ಯುದ್ಧ ಮುಗಿದ ಮೇಲೆ ಸರ್ಕಾರ ಅವರಿಗೆ 50 ಸಾವಿರ ರೂಪಾಯಿ ಬಹುಮಾನ ಕೊಟ್ಟಿತು. ಅವರು ಅದನ್ನು ಹಂಚಿಕೊಳ್ಳಲಿಲ್ಲ, ಊರಿನ ಸಮುದಾಯ ಭವನಕ್ಕೆ ಕೊಟ್ಟರು. ಈಗ ಮಾಧಾಪರದಲ್ಲಿ ಅವರದೊಂದು ಸ್ಮಾರಕವಿದೆ. 2021ರಲ್ಲಿ ಸಿನಿಮಾ ಬಂದ ಮೇಲೆ ಹೊರಗಿನವರಿಗೂ ಹೆಸರು ಗೊತ್ತಾಯಿತು. ಆದರೆ ಅದಕ್ಕೆ ಮುಂಚಿನ ಹತ್ತಾರು ವರ್ಷ ಅವರು ಏನಾಗಿದ್ದರು? ನೀರಿಗೆ ಹೋಗುವ, ಸೊಪ್ಪು ಮಾರುವ, ಮೊಮ್ಮಕ್ಕಳನ್ನು ಆಡಿಸುವ ಮುದುಕಿಯರಾಗಿದ್ದರು. ಪಕ್ಕದಲ್ಲಿ ಹಾದುಹೋದ ಎಷ್ಟೋ ಮಂದಿಗೆ ಅವರು ಯಾರೆಂದು ಗೊತ್ತಿರಲಿಲ್ಲ.

ಇಪ್ಪತ್ಮೂರು ವರ್ಷದ ಕಾಯುವಿಕೆ

ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಕಥೆ ಇನ್ನೊಂದು ಬಗೆಯದು. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಪಾಕಿಸ್ತಾನದ ಸರಗೋಧಾ ವಿಮಾನನೆಲೆಯ ಮೇಲೆ ದಾಳಿ ಮಾಡಲು ನಮ್ಮ ಮಿಸ್ಟೇರ್ ವಿಮಾನಗಳು ಹೊರಟವು. ದೇವಯ್ಯನವರದು ಹೆಚ್ಚುವರಿಯಾಗಿ ಇರಿಸಿಕೊಂಡ ವಿಮಾನ. ಬೇರೆ ಯಾವುದಾದರೂ ಹೊರಡಲಾಗದಿದ್ದರೆ ಮಾತ್ರ ಅವರ ಸರದಿ. ಸರದಿ ಬಂತು, ಹೋದರು, ಹಿಂದಿರುಗಲಿಲ್ಲ. ‘ಕಾಣೆಯಾಗಿದ್ದಾರೆ’ ಎಂದು ದಾಖಲಾಯಿತು.

‘ಕಾಣೆ’ ಎಂಬ ಪದ ಎಷ್ಟು ಕ್ರೂರವಾದದ್ದು ಎಂಬುದು ಅದನ್ನು ಪಡೆದ ಮನೆಯವರಿಗೇ ಗೊತ್ತು. ಅಳುವಂತಿಲ್ಲ, ಆಸೆ ಬಿಡುವಂತಿಲ್ಲ. ಕರ್ಮಾಂತರಕ್ಕೂ ದಿನ ಗೊತ್ತಿಲ್ಲ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಆ ಪದವನ್ನು ಹೊತ್ತುಕೊಂಡೇ ಬದುಕಿದರು.

ಸತ್ಯ ಹೊರಬಂದದ್ದು ವೈರಿಯ ಕಡೆಯಿಂದ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ವಾಯುಸಮರದ ಬಗ್ಗೆ ಬರೆದ ಪುಸ್ತಕದಲ್ಲಿ ಆ ದಿನದ ಒಂದು ಕಾಳಗದ ವಿವರವಿತ್ತು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್ ವಿಮಾನವೊಂದು ನಮ್ಮ ಮಿಸ್ಟೇರ್ ಒಂದನ್ನು ಅಟ್ಟಿಸಿಕೊಂಡು ಬಂದಿತ್ತು. ಮಿಸ್ಟೇರ್ ಅದಕ್ಕಿಂತ ಬಹಳ ನಿಧಾನದ ವಿಮಾನ. ಆದರೂ ಅದರ ಚಾಲಕ ತಿರುಗಿ ನಿಂತು ಹೋರಾಡಿ ಆ ಸ್ಟಾರ್‌ಫೈಟರ್ ಅನ್ನೇ ಹೊಡೆದುರುಳಿಸಿದ್ದ. ಪಾಕಿಸ್ತಾನಿ ಚಾಲಕ ಅಮ್ಜದ್ ಹುಸೇನ್ ಪ್ಯಾರಾಚೂಟಿನಿಂದ ಜಿಗಿದು ಬದುಕಿದರು. ಮಿಸ್ಟೇರಿನ ಚಾಲಕ ಬದುಕಲಿಲ್ಲ. ಅಲ್ಲಿಯ ಹಳ್ಳಿಗರೇ ಅವನನ್ನು ಮಣ್ಣು ಮಾಡಿದರು. ನಮ್ಮ ವಾಯುಪಡೆಯವರು ದಾಖಲೆಗಳನ್ನು ತಾಳೆ ನೋಡಿದಾಗ ಅವರು ದೇವಯ್ಯನವರೇ ಎಂಬುದು ಸ್ಪಷ್ಟವಾಯಿತು. 1988ರಲ್ಲಿ ಅವರಿಗೆ ಮಹಾವೀರ ಚಕ್ರ ಮರಣೋತ್ತರವಾಗಿ ಸಂದಿತು. ಆ ಹೊತ್ತಿಗೆ ಇಪ್ಪತ್ಮೂರು ವರ್ಷಗಳು ಕಳೆದಿದ್ದವು.

ಅದೇ ಯುದ್ಧದಲ್ಲಿ ಕೊಡಗಿನವರೇ ಆದ ಜನರಲ್ ಕಾರ್ಯಪ್ಪನವರ ಮಗನ ವಿಮಾನವೂ ಉರುಳಿ ಆತ ಸೆರೆಸಿಕ್ಕರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಇದ್ದವರು. ಮಗನನ್ನು ಬಿಡುಗಡೆ ಮಾಡುವ ಸೂಚನೆ ಬಂದಾಗ, ಸೆರೆಯಲ್ಲಿರುವವರೆಲ್ಲ ತಮ್ಮ ಮಕ್ಕಳೇ, ಒಬ್ಬನಿಗೆ ಬೇರೆ ಉಪಚಾರ ಬೇಡ ಎಂದು ತಂದೆ ತಿಳಿಸಿದರೆಂಬುದು ಪ್ರಸಿದ್ಧ ಪ್ರಸಂಗ. ಮಗ ಉಳಿದ ಸೆರೆಯಾಳುಗಳ ಜೊತೆಗೇ ಮರಳಿದರು. ಎಷ್ಟೋ ರಣರಂಗ ಕಂಡ ದಂಡನಾಯಕನಿಗೂ ಮನೆಯ ಜಗುಲಿಯ ಮೇಲೆ ಕಾಯುವ ಸರದಿ ತಪ್ಪಲಿಲ್ಲ.

ಕಲ್ಲು ಹೇಳುವ ಹೆಸರು

ಸತ್ತವರನ್ನು ನೆನೆಯುವುದು ಕನ್ನಡದವರಿಗೆ ಹೊಸದಲ್ಲ. ನಮ್ಮ ಊರೂರಿನ ಕೆರೆ ಏರಿಯ ಮೇಲೆ, ದೇವಸ್ಥಾನದ ಹಿಂದೆ ವೀರಗಲ್ಲುಗಳು ನಿಂತಿವೆ. ರಾಜರಿಗಾಗಿ ಮಾತ್ರ ಅವನ್ನು ನೆಡಲಿಲ್ಲ. ದನ ಬಿಡಿಸಲು ಹೋಗಿ ಸತ್ತವನಿಗೂ, ಊರು ಕಾಯುತ್ತ ಸತ್ತವನಿಗೂ ಕಲ್ಲು ನಿಂತಿದೆ. ಬೆಂಗಳೂರು ಎಂಬ ಹೆಸರು ನಮಗೆ ತಿಳಿದ ಮಟ್ಟಿಗೆ ಮೊದಲು ಕಾಣಿಸುವುದು ಎಲ್ಲಿ ಗೊತ್ತೇ? ಬೇಗೂರಿನಲ್ಲಿರುವ, ಕ್ರಿ.ಶ. 900ರ ಆಸುಪಾಸಿನ ಒಂದು ವೀರಗಲ್ಲಿನ ಮೇಲೆ, ಅಲ್ಲಿ ನಡೆದ ಕಾಳಗದಲ್ಲಿ ಮಡಿದವನೊಬ್ಬನ ನೆನಪಿನಲ್ಲಿ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಕಲ್ಲಿನಲ್ಲಂತೂ ಹಂದಿಯೊಡನೆ ಕಾದಾಡಿ ಸತ್ತ ‘ಕಾಳಿ’ ಎಂಬ ಬೇಟೆನಾಯಿಯನ್ನೂ ಕೆತ್ತಿದ್ದಾರೆ. ನಾಯಿಯ ಹೆಸರನ್ನೂ ಮರೆಯದ ನಾಡಿನಲ್ಲಿ ನಾವು ನಮ್ಮ ಶಾಲೆಯ ಜವಾನರ ಹೆಸರು ಕೇಳಿರಲಿಲ್ಲ.

ಬೆಂಗಳೂರಿನ ಜೆ.ಸಿ. ನಗರದ ಕಡೆ ಹೋದರೆ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಸ್ತಂಭವಿದೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಜೋಧಪುರದ ಮತ್ತು ಮೈಸೂರಿನ ಕುದುರೆ ಸವಾರರು, ಮೆಷಿನ್‌ಗನ್ನುಗಳ ಎದುರು ಭರ್ಜಿ ಹಿಡಿದು ನುಗ್ಗಿ ಗೆದ್ದರು. ಆ ಮೊದಲ ಮಹಾಯುದ್ಧದಲ್ಲಿ ಮಡಿದ ಮೈಸೂರು ಸವಾರರ ಹೆಸರುಗಳು ಆ ಸ್ತಂಭದಲ್ಲಿವೆ. ಯಾರ ಯುದ್ಧ, ಯಾರ ನೆಲ ಎಂದು ಈಗ ಕೇಳಬಹುದು. ಬ್ರಿಟಿಷರ ಯುದ್ಧ ಅದು, ನಿಜ. ಆದರೆ ಸತ್ತವರು ನಮ್ಮವರು. ಕಾದವರು ಮೈಸೂರು ಸೀಮೆಯ ಮನೆಗಳವರು. ಅಂದು ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸಮುದ್ರದಾಚೆ ಹೋದರು, 70 ಸಾವಿರಕ್ಕೂ ಮಿಕ್ಕಿ ಮರಳಲಿಲ್ಲ. ದಿನವೂ ಸಾವಿರಾರು ವಾಹನಗಳು ಆ ಸ್ತಂಭವನ್ನು ದಾಟಿ ಹೋಗುತ್ತವೆ. ನಿಂತು ಒಂದು ಹೆಸರನ್ನಾದರೂ ಓದುವವರು ಎಷ್ಟು ಮಂದಿ?

ನೀವು ಮಾಡಬಹುದಾದದ್ದು

ಮಕ್ಕಳೇ, ನೆನೆಯುವುದೆಂದರೆ ಯುದ್ಧ ಬೇಕೆನ್ನುವುದಲ್ಲ. ಯುದ್ಧವನ್ನು ಕಂಡುಬಂದವರೇ ಅದರ ಬಗ್ಗೆ ಎಲ್ಲರಿಗಿಂತ ಕಡಿಮೆ ಮಾತಾಡುತ್ತಾರೆ. ಜಂಬ ಕೊಚ್ಚುವವರು ಸಾಮಾನ್ಯವಾಗಿ ಗಡಿ ಕಂಡಿರುವುದಿಲ್ಲ.

ನಿಮ್ಮ ಬೀದಿಯಲ್ಲಿ, ನಿಮ್ಮ ನೆಂಟರಲ್ಲಿ ಮಾಜಿ ಸೈನಿಕರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿ. ಇದ್ದರೆ ಒಂದು ಭಾನುವಾರ ಹೋಗಿ ಕೂತುಕೊಳ್ಳಿ. ‘ಎಷ್ಟು ಜನರನ್ನು ಕೊಂದಿರಿ?’ ಎಂದು ಮಾತ್ರ ಕೇಳಬೇಡಿ. ಅಲ್ಲಿ ಏನು ತಿನ್ನುತ್ತಿದ್ದಿರಿ, ಚಳಿಗೆ ಏನು ಹೊದೆಯುತ್ತಿದ್ದಿರಿ, ಮನೆಯ ಕಾಗದ ಎಷ್ಟು ದಿನಕ್ಕೆ ಬರುತ್ತಿತ್ತು, ಜೊತೆಗಾರರು ಯಾರು ಎಂದು ಕೇಳಿ. ಅವರ ಹೆಂಡತಿಯನ್ನೂ ಕೇಳಿ. ಆಕೆಗೆ ಹೇಳಲು ಹೆಚ್ಚಿರುತ್ತದೆ. ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡಿ. 1962, 1965ರ ಯುದ್ಧ ಕಂಡವರು ಈಗ ಎಂಬತ್ತು ದಾಟಿದ್ದಾರೆ. ಆ ನೋಟ್‌ಬುಕ್ಕಿಗೆ ಹೆಚ್ಚು ಕಾಲ ಉಳಿದಿಲ್ಲ.

ತಂದೆತಾಯಿಯರಿಗೂ ಒಂದು ಮಾತು. ಧ್ವಜದ ಡಬ್ಬಿಗೆ ದುಡ್ಡು ಕೊಡುವಾಗ ಅದು ಯಾರಿಗೆ ಎಂದು ಮಕ್ಕಳಿಗೆ ಒಂದು ವಾಕ್ಯ ಹೇಳಿ. ಗೇಟಿನಲ್ಲಿ ನಿಂತವರನ್ನು ಹೆಸರು ಹಿಡಿದು, ಬಹುವಚನದಲ್ಲಿ ಮಾತಾಡಿಸಿ. ಅವರು ಸೈನ್ಯದಲ್ಲಿದ್ದವರೋ ಅಲ್ಲವೋ ಎಂಬುದು ಬೇರೆ ಪ್ರಶ್ನೆ. ಮಕ್ಕಳು ನಾವು ಹೇಳಿದ್ದನ್ನು ಮರೆಯುತ್ತಾರೆ, ನಾವು ಮಾಡಿದ್ದನ್ನು ನೋಡಿಕೊಂಡಿರುತ್ತಾರೆ.

ನಾನು ಹೈಸ್ಕೂಲು ಮುಗಿಸಿ ಊರು ಬಿಟ್ಟೆ. ಬಹಳ ವರ್ಷಗಳ ಮೇಲೆ ಹೋದಾಗ ಶಾಲೆಯಲ್ಲಿ ಬೇರೆ ಗಂಟೆ, ಬೇರೆ ಜವಾನ. ಹಳಬರನ್ನು ವಿಚಾರಿಸಿದೆ. ಅವರು ತೀರಿಕೊಂಡು ಏಳೆಂಟು ವರ್ಷವಾಗಿತ್ತು. ಹೆಂಡತಿ ಮಗಳ ಮನೆ ಸೇರಿದ್ದರು. ಅವತ್ತೇ ಮೊದಲ ಸಲ ನಾನು ಅವರ ಹೆಸರು ಕೇಳಿ ತಿಳಿದುಕೊಂಡೆ. ಅದನ್ನು ಒಂದು ಹಾಳೆಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡೆ. ಆ ಹಾಳೆ ಈಗಲೂ ನನ್ನ ಬಳಿ ಇದೆ.

ಆಗಸ್ಟ್ ಹದಿನೈದರಂದು ಬಾವುಟ ಬಿಚ್ಚಿ ಹೂವು ಉದುರಿದಾಗಲೆಲ್ಲ ಆ ಗಂಟು ಹಾಕಿದವರು ಯಾರಿರಬಹುದು ಎಂದು ಈಗ ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ.